ಅಪ್ಪ ಎಳೆದು ಕರೆಯುವ ಹೆಸರುಗಳು

ಅಕ್ಟೋಬರ್ 9, ಸಂಜೆ

ಸ್ಟ್ರೀಮ್ ಮತ್ತೆ ನಿಂತಿತು. ಕಾಲೇಜ್ ಹಾಸ್ಟೆಲಿನ ವೈಫೈ ಮೆಸ್ಸಿನ ಹಾಲಿನಷ್ಟೇ ತೆಳು. ಮೆಟ್ಟಿಲ ಮೇಲೆ, ಕಿಟಕಿಗೆ ಒರಗಿ ಕೂತರೆ ಎರಡು ಗೆರೆ ಸಿಗ್ನಲ್. ಬಾಸ್ಕೆಟ್‌ಬಾಲ್ ಲೀಗಿನ ಮೊದಲ ಮ್ಯಾಚ್. ನಮ್ಮೂರ ಟೀಮ್ ಗೆದ್ದಿತು, ಆರಾಮಾಗಿ.

ಫಸ್ಟ್ ಇಂಪ್ರೆಶನ್ಸ್. ನಾನೂ ಅಪ್ಪನೂ ಬೀರು ಎಂದು ಕರೆಯುವ ನಮ್ಮ ಸೆಂಟರ್ ರಜೆಯಲ್ಲಿ ಇನ್ನೂ ಅಗಲವಾಗಿದ್ದಾನೆ. ಬಾಸ್ಕೆಟ್ ಕೆಳಗೆ ನಿಂತರೆ ಯಾರಿಂದಲೂ ಸರಿಸಲಾಗದು. ಆದರೆ ಡಿಫೆನ್ಸಿಗೆ ವಾಪಸ್ ಓಡುವಾಗ ಲಾರಿ ರಿವರ್ಸ್ ತೆಗೆದ ಹಾಗೆ. ಪಾಸ್ ಕೊಡುವ ಸೂಜಿಗೆ ಈ ಸಲ ತಾಳ್ಮೆ ಬಂದಿದೆ, ಮದುವೆಯಾಯಿತಲ್ಲ. ಹೊಸ ಹುಡುಗನೊಬ್ಬ ಸೇರಿದ್ದಾನೆ — ಬರೀ ಕಾಲು. ಕೊಕ್ಕರೆ ಎಂದು ನಾನೇ ಹೆಸರಿಟ್ಟೆ. ಬೆಂಚಿನ ತುದಿಯಲ್ಲಿ ಕೂತೇ ಇದ್ದ. ಆಡಿಸಲಿಲ್ಲ.

ಇನ್ನು ಮೈಕಿನಲ್ಲಿ ಅಪ್ಪ. ನಮ್ಮೂರ ಸ್ಟೇಡಿಯಂನಲ್ಲಿ ಆಟಗಾರರ ಹೆಸರು ಕರೆಯುವವನು ನಮ್ಮಪ್ಪ, ನಾನು ಹುಟ್ಟುವ ಮೊದಲಿನಿಂದ. ಹೊಸಬರು ಬಂದರೆ ಮೊದಲು ಹೋಗಿ ಕೇಳುತ್ತಾನೆ: "ಮನೇಲಿ ನಿಮ್ಮಮ್ಮ ಊಟಕ್ಕೆ ಹೇಗಪ್ಪಾ ಕರೀತಾರೆ? ಕೂಗಿ ತೋರ್ಸು ನೋಡೋಣ." ಅಮ್ಮ ಯಾವ ಅಕ್ಷರ ಎಳೆಯುತ್ತಾಳೋ ಅದನ್ನೇ ಎಳೆದು ಕರೆಯುತ್ತಾನೆ. ಆರೂವರೆ ಅಡಿಯ ಆಳುಗಳು ತಲೆ ತಗ್ಗಿಸಿ ನಗುತ್ತ ಕೋರ್ಟಿಗೆ ಓಡಿ ಬರುವುದನ್ನು ನೋಡಬೇಕು.

(ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ರೂಮ್‌ಮೇಟ್‌ಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸೇಫ್.)

ಅಕ್ಟೋಬರ್ 10

ಇಂಪ್ರೆಶನ್ಸ್ ಎಲ್ಲ ವಾಯ್ಸ್ ಮೆಸೇಜ್ ಮಾಡಿ ಅಪ್ಪನಿಗೆ ಕಳಿಸಿದ್ದೆ. ಹೀಗೆ ಹೇಳುವುದು ನಾಲ್ಕನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಾಗಿನ ಅಭ್ಯಾಸ. ಆಗ ಭಾನುವಾರ ಮಾತ್ರ ಫೋನ್. ವಾರ್ಡನ್ ನಂಬರ್ ಕೂಗಬೇಕು, ಓಡಬೇಕು. ಮೊದಲು ಅಮ್ಮ: ತಿಂದ್ಯಾ, ತಲೆಗೆ ಎಣ್ಣೆ ಹಾಕ್ಕೊಂಡ್ಯಾ. ಆಮೇಲೆ ಅಪ್ಪ: "ಬುಗುರೀ..." ಕೊನೆಯ ಅಕ್ಷರ ಉದ್ದಕ್ಕೆ. ಒಂದು ಕಡೆ ನಿಲ್ಲದ ಹುಡುಗಿ ಎಂದು ಆ ಹೆಸರು. ಆಮೇಲೆ ಬರೀ ಬಾಸ್ಕೆಟ್‌ಬಾಲ್. ಅದಿಲ್ಲದಿದ್ದರೆ ನಾವಿಬ್ಬರೂ ಏನು ಮಾತಾಡುತ್ತಿದ್ದೆವೋ ಗೊತ್ತಿಲ್ಲ.

ಇವತ್ತು ಉತ್ತರ ಬಂತು. "ಬೀರು ಬಗ್ಗೆ ಈಗ್ಲೇ ತೀರ್ಪು ಬೇಡ. ಹತ್ತು ಮ್ಯಾಚ್ ಆಗಲಿ."

ಟೈಪ್ ಮಾಡಿದ್ದಾನೆ. ಅಪ್ಪ! ಹೂಂ ಅನ್ನುವುದಕ್ಕೂ ಎರಡು ನಿಮಿಷ ಮಾತಾಡಿ ಕಳಿಸುವವನು. ಕೋಪವಾ? ಇಂಟರ್ನಲ್ಸ್ ಮಾರ್ಕ್ಸ್ ಗೊತ್ತಾಯಿತಾ? ಯಾರು ಹೇಳಿರಬಹುದು?

ಅಕ್ಟೋಬರ್ 17

ಎರಡು ಮ್ಯಾಚ್ ಸೋತೆವು. ಬಂದರಿನ ಟೀಮ್ ಈ ವರ್ಷ ಡೇಂಜರಸ್. ಐದು ಜನರೂ ದೂರದಿಂದ ಎಸೆಯುತ್ತಾರೆ, ಬೀರು ಪಾಪ ಯಾರನ್ನು ಹಿಡಿಯುವುದೆಂದು ಸುತ್ತ ತಿರುಗಿ ಸುಸ್ತಾದ. ಕೊಕ್ಕರೆ ಇನ್ನೂ ಬೆಂಚಿನಲ್ಲೇ. ಟವೆಲ್ ಹಂಚುತ್ತಿದ್ದಾನೆ.

ಅಪ್ಪನ ಅನೌನ್ಸ್‌ಮೆಂಟ್ ಮಾತ್ರ ಸಪ್ಪೆ. ಎಳೆಯುವುದೇ ಇಲ್ಲ. ಸೂಜಿಯ ಹೆಸರಿನ ಬಾಲ ಕಟ್. ಮತ್ತೆ ಇಂಪ್ರೆಶನ್ಸ್ ಕಳಿಸಿದೆ. ಕೊನೆಗೆ ತಮಾಷೆಗೆ ಸೇರಿಸಿದೆ: "ಈಗ ಅನೌನ್ಸರ್ ವಿಷಯ. ಈ ಸೀಸನ್ ಫಾರ್ಮೇ ಇಲ್ಲ. ಅಕ್ಷರ ನುಂಗ್ತಿದ್ದಾರೆ. ನಮ್ಮ ವಾರ್ಡನ್ ಹಾಜರಿ ಕರೆದ ಹಾಗಿದೆ. ಬೆಂಚಿಗೆ ಹಾಕ್ಬೇಕು."

ನಗುವನೆಂದುಕೊಂಡೆ. ಕೋಪ ಇದ್ದರೆ ಇಳಿಯಲಿ ಎಂದು.

"ನೋಟ್ ಮಾಡ್ಕೊಂಡೆ ಮೇಡಂ. ಮುಂದಿನ ಮ್ಯಾಚ್ ನೋಡಿ."

ಮತ್ತೆ ಟೈಪ್.

ಅಕ್ಟೋಬರ್ 23, ಮ್ಯಾಚ್ ನಡುವೆಯೇ

ಸ್ಟ್ರೀಮ್ ಹಾಗೇ ಓಡುತ್ತಿದೆ, ಪುಸ್ತಕ ತೆರೆದಿದ್ದೇನೆ. ಬರೆದರೆ ಗಾಬರಿ ಕಡಿಮೆಯಾಗಬಹುದು.

ಶುರುವಾದಾಗ ಅಪ್ಪ ಹಳೆಯ ಅಪ್ಪನೇ. ಐದು ಹೆಸರನ್ನೂ ಪೂರ್ತಿ ಎಳೆದ. ಗ್ಯಾಲರಿ ಎದ್ದು ನಿಂತಿತು. ಮೆಟ್ಟಿಲ ಮೇಲೆ ಒಬ್ಬಳೇ ಚಪ್ಪಾಳೆ ಹೊಡೆದೆ. ರೂಮ್‌ಮೇಟ್ ಬಟ್ಟೆ ಬಕೆಟ್ ಹಿಡಿದು ನಿಂತುಬಿಟ್ಟಳು.

"ಯಾರೇ ಇದು? ಏನ್ ಕಂಠ ಮಾರಾಯ್ತಿ!"

"ನಮ್ಮಪ್ಪ."

"ಸುಳ್ಳು! ನಿನ್ ದನಿ ನೋಡಿದ್ರೆ ಇಲಿಮರಿ."

ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಮ್ಮೆಯಾಯಿತು. ಮೂರನೇ ಕ್ವಾರ್ಟರ್. ಬೀರು ಎರಡು ಪಾಯಿಂಟ್ ಹಾಕಿದ, ಅಪ್ಪ ಅವನ ಹೆಸರು ಎತ್ತಿದ — ಬಟ್ಟೆ ಹರಿದ ಹಾಗೆ ಸದ್ದು. ಆಮೇಲೆ ಏನೂ ಇಲ್ಲ. ಮೈಕ್ ಮೇಜಿಗೆ ಬಡಿದದ್ದು ಕೇಳಿಸಿತು. ಈಗ ಸ್ಕೋರ್‌ಬೋರ್ಡ್ ನಡೆಸುವವನು ಹೆಸರು ಓದುತ್ತಿದ್ದಾನೆ.

ಅಮ್ಮ ಫೋನ್ ಎತ್ತುತ್ತಿಲ್ಲ.

ಅಕ್ಟೋಬರ್ 24

ಅಮ್ಮ ಎತ್ತಿದಳು. ಮೊದಲು, ತಿಂದ್ಯಾ. ಆಮೇಲೆ ಅತ್ತಳು.

ಅಪ್ಪನ ಗಂಟಲಲ್ಲಿ ಗೆಡ್ಡೆ. ಬೇಸಿಗೆಯಲ್ಲೇ ಗೊತ್ತಾಗಿತ್ತಂತೆ.

"ನೀನು ಹೊಸ ಜಾಗಕ್ಕೆ ಹೋಗಿದೀಯ, ಮೊದಲ್ನೇ ವರ್ಷ... ಸುಮ್ನೆ ಯಾಕೆ ತಲೆ ಕೆಡಿಸೋದು ಅಂತ."

ಅಜ್ಜಿ ಹೋದದ್ದನ್ನೂ ನನಗೆ ಪರೀಕ್ಷೆ ಮುಗಿದ ಮೇಲೇ ಹೇಳಿದ್ದು. ಹಾಸ್ಟೆಲ್ ಮಕ್ಕಳಿಗೆ ಎಲ್ಲವೂ ತಣ್ಣಗಾದ ಮೇಲೆ ಬಡಿಸುತ್ತಾರೆ.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ. ನವೆಂಬರ್ ಏಳಕ್ಕೆ."

"ತೆಗೆದ್ರೆ ಮಾತು?"

ಅಮ್ಮ ಮೂಗು ಒರೆಸಿಕೊಂಡ ಸದ್ದು.

"ಕೂಗ್ಬೇಡಿ ಅಂದಿದ್ರು ಡಾಕ್ಟ್ರು. ಮೆತ್ತಗೆ ಹೇಳಿ ಹೇಗೋ ಸುಧಾರಿಸ್ತಿದ್ರು ಕಣೇ. ನಿನ್ನೆ ಅದೇನು ಭೂತ ಹೊಕ್ಕಿತೋ."

ಯಾವ ಭೂತ ಎಂದು ನನಗೆ ಗೊತ್ತು.

ನವೆಂಬರ್ 2, ಮನೆ

ರಜೆ ಕೊಟ್ಟರು. ಅಪ್ಪ ಬಾಗಿಲಲ್ಲೇ ನಿಂತಿದ್ದ, ಕುತ್ತಿಗೆಗೆ ಅಮ್ಮನ ಮಫ್ಲರ್. ಬಾಯಿ ತೆರೆದ. ಒಳಗಿನಿಂದ ಅಮ್ಮ, "ಮಾತಾಡ್ಬೇಡೀ!" ಬಾಯಿ ಮುಚ್ಚಿ ಬ್ಯಾಗ್ ತೆಗೆದುಕೊಂಡ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: "ಗೃಹ ಇಲಾಖೆಯ ಆದೇಶ."

ನಗಬೇಕಿತ್ತು. "ಅಪ್ಪ, ಆ ದಿನ ನಾನು ಹಾಗೆ ಹೇಳದೇ ಇದ್ದಿದ್ರೆ—" ಎಂದೆ. ಕೈ ಅಡ್ಡ ಹಿಡಿದ. ತುಂಬಾ ಹೊತ್ತು ಟೈಪ್ ಮಾಡಿದ. "ಗೆಡ್ಡೆ ನಿನ್ನ ಮಾತು ಕೇಳಿ ಬೆಳೆಯಲಿಲ್ಲ. ಆ ಮ್ಯಾಚ್ ಚೆನ್ನಾಗಿತ್ತು. ಗ್ಯಾಲರಿ ಎದ್ದಿತ್ತು, ನೋಡಿದ್ಯಾ?"

ನೋಡಿದೆ ಅಪ್ಪ.

ನವೆಂಬರ್ 4

ಹಳೆಯ ವಾಯ್ಸ್ ಮೆಸೇಜ್ ಎಲ್ಲ ಕೂತು ಕೇಳಿದೆ. ಮೊದಲಿನಿಂದ ಕೊನೆವರೆಗೆ. ಬೀರು ಹೆಸರಿದೆ, ಸೂಜಿ ಹೆಸರಿದೆ, ಲೀಗಿನ ಅರ್ಧ ಜನ ಇದ್ದಾರೆ. ನನ್ನದಿಲ್ಲ. ಎಲ್ಲವೂ "ಕೇಳಿಲ್ಲಿ" ಎಂದು ನೇರ ಶುರು. ಸರಿ ತಾನೇ... ಕರೆಯುವುದು ಯಾರಾದರೂ ಓಡಿ ಬರಲಿ ಎಂದು. ಮೆಸೇಜಿಗೆ ಯಾರು ಓಡಿ ಬರುತ್ತಾರೆ.

ಒಂದು ಸಲ ಬುಗುರೀ ಅಂದರೆ ಸಾಕು. ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮಧ್ಯಾಹ್ನ ಫೋನ್ ಸೆಟ್ ಮಾಡಿಕೊಂಡೇ ಹೋದೆ. ಅಪ್ಪ ನಿವಾರಿನ ಮಂಚದ ಮೇಲೆ ಶೂ ಲೇಸ್ ಪೋಣಿಸುತ್ತಿದ್ದ.

"ಅಪ್ಪ, ಒಂದ್ಸಲ..."

ತಲೆ ಎತ್ತಿದ.

"...ನೀರು ಬೇಕಾ?"

ಥೂ ನನ್ನ.

ಶೂ ಯಾಕೆಂದರೆ ನಾಳೆ ಮ್ಯಾಚಿಗೆ ಹೋಗುತ್ತಾನಂತೆ. ಅಮ್ಮ ಕೂಗಾಡಿದಳು. ಅಪ್ಪ ಟೈಪ್ ಮಾಡಿದ: "ಬೇರೆಯವರನ್ನೆಲ್ಲ ಸಾಕಷ್ಟು ಕರೆದಾಗಿದೆ. ಹೊಸ ಹುಡುಗನನ್ನ ಒಂದ್ಸಲಾನೂ ಕರೆದಿಲ್ಲ. ಅವರಮ್ಮ ಎಳೆಯೋದು ಎರಡನೇ ಅಕ್ಷರ. ಅದು ಯಾರಿಗೂ ಗೊತ್ತಿಲ್ಲ."

"ಅವನನ್ನ ಆಡಿಸ್ದೇ ಇದ್ರೆ?" ಅಮ್ಮ ಕೇಳಿದಳು.

"ಸುಮ್ಮನೆ ವಾಪಸ್ ಬರ್ತೀನಿ."

ನವೆಂಬರ್ 5

ಸ್ಟೇಡಿಯಂ. ಅಪ್ಪ ಮೈಕ್ ಮುಂದೆ, ಬಾಯಿ ಬಿಗಿದು. ಪಕ್ಕದಲ್ಲಿ ಸ್ಕೋರ್‌ಬೋರ್ಡಿನವನು ಎಲ್ಲ ಓದಿದ. ನಾನು ಗ್ಯಾಲರಿಯಲ್ಲಿ.

ಕೊಕ್ಕರೆ ಬೆಂಚಿನಲ್ಲೇ ಇರಲಿ ಎಂದು ಬೇಡಿಕೊಂಡೆ. ಬರೆದಿಡುತ್ತೇನೆ, ಈ ಪುಸ್ತಕ ಯಾರೂ ಓದುವುದಿಲ್ಲ. ಅವನು ಎದ್ದು ಬರಬಾರದು, ಉಳಿದಷ್ಟು ದನಿ ಮನೆಗೆ ಬರಲಿ, ನನಗೆ ಬರಲಿ. ಪ್ರತಿ ಸಲ ಕೋಚ್ ಬೆಂಚಿನ ಕಡೆ ತಿರುಗಿದಾಗಲೂ ಕಣ್ಣು ಮುಚ್ಚಿದೆ.

ಕೊನೆಯ ಎರಡು ನಿಮಿಷ. ಸೂಜಿಯ ಕಾಲು ಉಳುಕಿತು. ಕೊಕ್ಕರೆ ಜಾಕೆಟ್ ಬಿಚ್ಚಿದ, ತೋಳಿನಲ್ಲಿ ಸಿಕ್ಕಿಕೊಂಡಿತು, ಎಲ್ಲರೂ ನಕ್ಕರು. ಅಪ್ಪ ಮೈಕ್ ಎಳೆದುಕೊಂಡ. ಎದ್ದು ನಿಂತ.

ದನಿ ಚೆನ್ನಾಗಿರಲಿಲ್ಲ. ಮರಳು ತುಂಬಿದ ದನಿ. ಆದರೆ ಎರಡನೇ ಅಕ್ಷರ ಎಳೆದ — ಯಾವುದೋ ಮನೆಯ ಹಿತ್ತಿಲ ಬಾಗಿಲಿಂದ, ಕತ್ತಲಾಗುವ ಮೊದಲು, ಅನ್ನ ಆರುತ್ತಿದೆ ಬಾ ಎನ್ನುವ ಹಾಗೆ. ಹುಡುಗ ಗೆರೆಯ ಹತ್ತಿರ ಗಕ್ಕನೆ ನಿಂತು ಗ್ಯಾಲರಿಯಲ್ಲೆಲ್ಲ ಹುಡುಕಿದ. ಅಮ್ಮ ಬಂದಿದ್ದಾಳೆಂದುಕೊಂಡನೋ ಏನೋ.

ಅವನಾಡಿದ ಎರಡು ನಿಮಿಷದಲ್ಲಿ ಒಂದು ರೀಬೌಂಡ್, ಒಂದು ಫೌಲ್. ಸೋತೆವು.

ದಾರಿಯಲ್ಲಿ ಅಪ್ಪನಿಗೆ ಪಿಸುಮಾತೂ ಬರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡಿದ್ದ, ರಸ್ತೆ ದಾಟಿದ ಮೇಲೂ.

ನವೆಂಬರ್ 7

ನರ್ಸ್ ಅಪ್ಪನ ಹೆಸರು ಕರೆದಳು. ಹಾಜರಿ ಕರೆದ ಹಾಗೆ. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ — ಇವಳಿಗೂ ಫಾರ್ಮ್ ಇಲ್ಲ.

ಬಾಗಿಲು ಮುಚ್ಚಿತು.

ನವೆಂಬರ್ 15, ಆಸ್ಪತ್ರೆ, ಸಂಜೆ

ಮೂಗಿನಲ್ಲಿ ನಳಿಕೆ, ಕುತ್ತಿಗೆಯಲ್ಲಿ ಉಸಿರಿಗೆ ತೂತು. ನೋಡಿ ಅಭ್ಯಾಸವಾಗಿದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಆಗಿಲ್ಲ.

ಮ್ಯಾಚ್ ಇತ್ತು. ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಇಬ್ಬರೂ ನೋಡಿದೆವು. ಅಪ್ಪ ಟೈಪ್ ಮಾಡಿದ, "ಇಂಪ್ರೆಶನ್ಸ್?" ಬೀರು ಓಡುತ್ತಿದ್ದಾನೆ ಎಂದೆ. "ಹತ್ತು ಮ್ಯಾಚ್ ಆಗಲಿ ಅಂದಿದ್ದೆ ತಾನೇ?"

ಮೂರನೇ ಕ್ವಾರ್ಟರಿಗೇ ಕೊಕ್ಕರೆ ಎದ್ದ. ಸ್ಕೋರ್‌ಬೋರ್ಡಿನವನು ಹೆಸರು ಓದಿದ. ಚಪ್ಪಟೆ. ಆಮೇಲೆ ಗ್ಯಾಲರಿಯ ಮೂಲೆಯಿಂದ ಯಾರೋ ಒಬ್ಬರು ಕೂಗಿದರು, ಇನ್ನೊಬ್ಬರು, ಆಮೇಲೆ ಇಡೀ ಸ್ಟೇಡಿಯಂ... ಎರಡನೇ ಅಕ್ಷರ ಎಳೆದು. ಸರಿಯಾಗಿ ಅಲ್ಲೇ.

ಅಪ್ಪ ಫೋನ್ ನೋಡುತ್ತಿರಲಿಲ್ಲ. ನಾನು ಕಿಟಕಿಯ ಕಡೆ ಹೋಗಿ ನಿಂತಿದ್ದೆ, ಮುಖ ಕಾಣಬಾರದೆಂದು. ಮಂಚದ ಕಂಬಿಯನ್ನು ಉಂಗುರದಿಂದ ಬಡಿದ. ತಿರುಗಿದೆ.

ಬಾಯಿ ಆಡಿಸುತ್ತಿದ್ದ. ಸದ್ದಿಲ್ಲ. ಟೈಪ್ ಮಾಡು ಅಪ್ಪ ಎಂದೆ. ಬೇಡ ಎಂದು ತಲೆಯಾಡಿಸಿದ. ಮತ್ತೆ, ನಿಧಾನವಾಗಿ. ತುಟಿ ಎರಡೂ ಸೇರಿ ತೆರೆದವು, ಗುಂಡಗೆ. ಇನ್ನೊಮ್ಮೆ ಗುಂಡಗೆ. ಆಮೇಲೆ ಅಗಲವಾಗಿ, ಹಲ್ಲು ಕಾಣುವಷ್ಟು, ಹಾಗೇ ಹಿಡಿದ, ಬಿಡಲಿಲ್ಲ, ಉದ್ದಕ್ಕೆ... ಓಡಿದೆ. ಮೂರೇ ಹೆಜ್ಜೆಯ ಜಾಗ, ಆದರೂ ಓಡಿ ಹೋಗಿ ಅಪ್ಪನ ಕೈ ಹಿಡಿದುಕೊಂಡೆ.