ನಾಲ್ಕನೆಯ ಗ್ಲಾಸಿಗೆ ಮೂರು ಅಂಕ

ನಾಸಿಕ, ೧೨ ಮಾರ್ಚ್ ೨೦೨೫. ವೈನರಿಯಲ್ಲಿ ಊಟದ ಬಿಡುವು.

ಅಕ್ಕಾ, ಜೈ ಭೀಮ್. ಹೋದ ವರ್ಷದ ಸಿಹಿ ವೈನ್‌ಗಳಿಗೆ ಇವತ್ತು ಮೂವರು ಕೂತು ಅಂಕ ಕೊಟ್ಟೆವು. ಗ್ಲಾಸುಗಳ ಮೇಲೆ ಹೆಸರಿರಲಿಲ್ಲ. ನಾಲ್ಕನೆಯದರ ಬಣ್ಣ ಬೆಲ್ಲದ ಪಾಕದಂತಿತ್ತು, ನಾಲಿಗೆಗೆ ಮಾತ್ರ ಬರೀ ಸಕ್ಕರೆ ನೀರು. ಹತ್ತರಲ್ಲಿ ಮೂರು ಬರೆದೆ. ಗ್ಲಾಸಿನಡಿಯ ಚೀಟಿ ತೆಗೆದರೆ ಅದು ನಮ್ಮ ಮಣ್ಣೂರಿನದು. ನೀನೂ ಭಾವನೂ ಬಳ್ಳಿಯಲ್ಲೇ ಬಾಡಲು ಬಿಟ್ಟು ತಿಂಗಳು ಕಾಯ್ದ ದ್ರಾಕ್ಷಿ. ಉಳಿದಿಬ್ಬರು ಎಂಟೆಂಟು ಕೊಟ್ಟಿದ್ದರು. ಸರಾಸರಿ ಏಳು ಮುಟ್ಟಲಿಲ್ಲವೆಂದು, ಮುಂದಿನ ಸಲ ನಿಮ್ಮ ಹಣ್ಣು ಬೇಡವೆಂದು ಮುಖ್ಯಸ್ಥರು ಬರೆದುಕೊಂಡು ಹೋದರು.

ಇಲ್ಲಿ ಗ್ಲಾಸು ತೊಳೆಯುವ, ನಮ್ಮ ಕಡೆಯ ಚೌಡಾಪುರದ ಮಾಣಿಕಮ್ಮ ಆಮೇಲೆ ನಕ್ಕಳು: "ಏನ್ ಸಾಹೇಬ್ರ, ಮುಂಜಾನಿ ಶೇಂಗಾ ಹಿಂಡಿ ಹೊಡದು ಬಂದೀರೇನು? ಬಾಯಿ ಬಳ್ಳೊಳ್ಳಿ ನಾರಾಕತ್ತದ. ಆ ನಾಲಿಗಿಗಿ ಜೇನತುಪ್ಪನೂ ಸಪ್ಪಗೇ!" ನೀನು ಕಟ್ಟಿಕೊಟ್ಟ ಬೆಳ್ಳುಳ್ಳಿ ಹಾಕಿದ ಚಟ್ನಿಪುಡಿಯೇ, ಅಕ್ಕಾ. ರೊಟ್ಟಿಗೆ ಹೆಚ್ಚೇ ಹಚ್ಚಿಕೊಂಡಿದ್ದೆ. ನಾನು ಓದಿದ ಅನುವಾದದ ಕಾದಂಬರಿಗಳಲ್ಲಿ ಇಂಥ ವೈನ್ ಕುಡಿದವರು ಬಹಳ ಜನ; ಅದಕ್ಕೆ ಮುಂಚೆ ಏನು ತಿಂದಿದ್ದರೆಂದು ಯಾರೂ ಬರೆದಿರಲಿಲ್ಲ.

ನೀನು ಕೇಳಿದ್ದ ನನ್ನ ಕೆಮ್ಮು ಕಡಿಮೆಯಾಗಿದೆ. ಯಾರ ಹಣ್ಣೆಂದು ಗೊತ್ತಾದ ಮೇಲೆ ನಾನು ಮತ್ತೆ ರುಚಿ ನೋಡುವುದು ನ್ಯಾಯವಲ್ಲ. ನನ್ನ ಮೂರು ಅಂಕ ಹೊಡೆದುಹಾಕಿರೆಂದು ನಾಳೆ ಮುಖ್ಯಸ್ಥರಿಗೆ ಹೇಳುತ್ತೇನೆ. ಇನ್ನೂ ಹೇಳಿಲ್ಲ.

ನಿನ್ನ ತಮ್ಮ,
ಪ್ರಬುದ್ಧ