ತಂಗಿಗೊಂದು ಪಿಸ್ತೂಲು

ಕೈಲಾಂಚ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಶ್ವೇತಾ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಭೋಪಾಲದ ಚಳಿಯಲ್ಲಿ ನೀನು ಹೇಗಿದ್ದೀಯೋ. ಬರೆಯುವುದು ತಡವಾಯಿತು, ಬೈದುಕೊಳ್ಳಬೇಡ. ರೇಷ್ಮೆ ಸಾಕುವ ಮನೆಯಲ್ಲಿ ನಾನು ಯಾವಾಗ ಪೆನ್ನು ಹಿಡಿಯಬೇಕೆಂದು ಹುಳುಗಳೇ ತೀರ್ಮಾನ ಮಾಡುತ್ತವೆ. ಇವತ್ತು ಅವು ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಕಳಚಿ ಏಳುವವರೆಗೆ ಸೊಪ್ಪು ಹಾಕುವಂತಿಲ್ಲ. ಅದಕ್ಕೇ ಹಗಲು ಹೊತ್ತಿನಲ್ಲೇ ಮಹಾರಾಣಿಯ ಹಾಗೆ ಜಗಲಿಯ ಮೇಲೆ ಕೂತಿದ್ದೇನೆ. ನಿಮ್ಮ ಶೂಟಿಂಗ್ ಕ್ಯಾಂಪಿನಲ್ಲಿ ಫೋನು ಸಿಗುವುದೇ ಸಂಜೆ ಕಾಲು ಗಂಟೆ, ಅದರಲ್ಲಿ ಹತ್ತು ನಿಮಿಷ ಅಮ್ಮನಿಗೇ ಬೇಕು. ಗುರುವಾರ ದಯಾನಂದ್ ಸರ್ ಅಲ್ಲಿಗೆ ಹೊರಟಿದ್ದಾರಂತೆ, ಈ ಕಾಗದ ಅವರ ಕೈಯಲ್ಲೇ ಕಳಿಸುತ್ತೇನೆ.

ನಿನ್ನ ಹೆಸರಿಗೆ ಹೊರದೇಶದ ಪಿಸ್ತೂಲು ತರಿಸಿಕೊಳ್ಳುವ ಅನುಮತಿ ಬಂದಿದೆ ಎಂದು ಕೇಳಿ ಸಂತೋಷವಾಯಿತು. ಹೀಗೆ ಬರೆಯಬೇಕಲ್ಲ, ಬರೆದಿದ್ದೇನೆ. ಇನ್ನು ನಿಜ ಹೇಳಲೇ? ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಕೂಟಗಲ್ಲಿನಲ್ಲಿ ಅಪ್ಪನ ಮನೆಗೆ ತಿರುಗುವ ರಸ್ತೆಯಲ್ಲಿ ನಿನ್ನದೊಂದು ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದಾರೆ, ನೋಡಿದ್ದೀಯಾ? ಅದರಲ್ಲಿ ನಿನ್ನ ಮೂಗು ನಿಜವಾದದ್ದಕ್ಕಿಂತ ನೆಟ್ಟಗಿದೆ. ಅಮ್ಮ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ನಿನ್ನ ಕಥೆ ಹೇಳಿಕೊಂಡು ಬರುತ್ತಾಳೆ. ಹನ್ನೊಂದು ವರ್ಷದಿಂದ ನಾನು ಹಾಲು ಹಾಕುತ್ತಿರುವ ಡೈರಿಯ ಅಶ್ವಥ್, ಮೊನ್ನೆ ಕ್ಯಾನು ಇಳಿಸಿಕೊಳ್ಳುತ್ತಾ, "ನೀವು ಶ್ವೇತವ್ರ ಅಕ್ಕ ಅಂತಲ್ಲಾ? ಮೊದ್ಲೇ ಯೋಳ್ಬಾರ್ದಾ!" ಅಂದ. ಅವನಿಗೆ ಇವತ್ತಿಗೂ ನನ್ನ ಹೆಸರು ಭಾನುಪ್ರಿಯ ಎಂದು ಗೊತ್ತಿಲ್ಲ. ಹಾಲಿನ ಪುಸ್ತಕದಲ್ಲಿ ಇರುವುದು ನಿನ್ನ ಬಾವನ ಹೆಸರು.

ಹೊಟ್ಟೆಕಿಚ್ಚು ಕಣೆ. ಬೇರೆ ಹೆಸರಿಟ್ಟು ಕರೆಯಲು ನನಗೆ ಬರುವುದಿಲ್ಲ.

ಆದರೂ ನೀನು ಹೇಳಿದ ಕೆಲಸ ಮಾಡಿದ್ದೇನೆ. "ನಂಗೂ ನಿಂಗೂ ಅಮ್ಮ ಒಂದೇ ಅಳತೆ ಬಳೆ ತರದಲ್ವೇನಕ್ಕ, ಇಟಲಿದು ಜರ್ಮನಿದು ಎರಡು ಪಿಸ್ತೂಲಲ್ಲಿ ಯಾವ್ದು ಒಗ್ಗುತ್ತೆ ಅಂತ ನೀನೇ ಹಿಡಿದು ನೋಡ್ಬುಟ್ಟು ಹೇಳು" ಎಂದು ನೀನು ಅಂದಾಗ, ಅಷ್ಟು ದೊಡ್ಡ ಆಯ್ಕೆಯನ್ನು ಬಳೆಯ ಅಳತೆಯ ಮೇಲೆ ನನಗೆ ಒಪ್ಪಿಸಿದೆಯಲ್ಲ ಎಂದು ನಗುವೂ ಬಂತು, ಹೆಮ್ಮೆಯೂ ಆಯಿತು.

ಮೊದಲು ಹಿಡಿಯ ಕಥೆ ಕೇಳು. ಇಟಲಿಯದಕ್ಕೆ ಕಂಪನಿಯ ಹಿಡಿ ನಮ್ಮಂಥ ಸಣ್ಣ ಕೈಗೆ ದಪ್ಪ ಎಂದು ದಯಾನಂದ್ ಸರ್ ಹೇಳಿದರು. ತಮ್ಮ ಹತ್ತಿರ ಇದ್ದ ಹಳೆಯ ಹಿಡಿಯೊಂದನ್ನು ಮಾದರಿಗೆ ಕೊಟ್ಟು, ನಿಮ್ಮ ಕಡೆಯೇ ಮರದಲ್ಲಿ ಮಾಡಿಸಿ ಅಂದರು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಗಫಾರ್ ಸಾಬರ ಹತ್ತಿರ ಹೋದೆ. ಅವರು ಅಂಗೈಯ ಅಚ್ಚು ತನ್ನಿ ಅಂದರು. ಜೇಡಿಮಣ್ಣು ಎಲ್ಲಿ ಸಿಗುತ್ತದೆ ಎಂದು ನಾನು ವಿಚಾರಿಸುತ್ತಿದ್ದರೆ, ಅಮ್ಮ, "ಅದಕ್ಯಾಕೆ ಊರೂರು ಅಲೀತೀಯಾ? ಮುದ್ದೆ ಐತಲ್ಲ. ಒಸಿ ಗಟ್ಟಿಯಾಗಿ ತೊಳಸ್ಕೊಡ್ತೀನಿ ತಡಿ" ಅಂದಳು. ಬಿಸಿ ಮುದ್ದೆಯನ್ನು ಪಿಸ್ತೂಲು ಹಿಡಿದ ಹಾಗೆ ಹಿಡಿದು, ಅಂಗೈ ಸುಟ್ಟುಕೊಂಡು, ಎರಡು ದಿನ ಬಿಸಿಲಿಗಿಟ್ಟು ತೆಗೆದುಕೊಂಡು ಹೋದೆ. ಗಫಾರ್ ಸಾಬರು ನಂಬಿ ಬೀಟೆಯ ತುಂಡಿನಲ್ಲಿ ಕೆತ್ತಿದರು. ಹಿಡಿದು ನೋಡಿದರೆ ಬೆರಳೇ ಕೂರಲಿಲ್ಲ! "ಇದ್ಯಾವ ಕೂಸಿನ ಕೈ ಅಮ್ಮ? ಮುದ್ದೆ ಒಣಗುದ್ರೆ ಕುಗ್ಗೋಯ್ತದೆ ಅಂತ ನಿಮ್ಗೂ ಗೊತ್ತಿಲ್ವಾ?" ಎಂದು ಅವರು ನಕ್ಕಿದ್ದೇ ನಕ್ಕಿದ್ದು. ನಾವು ತಿನ್ನುವ ಜನ, ಮುದ್ದೆಯನ್ನು ಒಣಗುವವರೆಗೆ ಯಾವತ್ತು ಬಿಟ್ಟಿದ್ದೇವೆ ಹೇಳು.

ಆಮೇಲೆ ಅಚ್ಚಿನ ಗೊಡವೆಯೇ ಬೇಡವೆಂದು ನನ್ನನ್ನೇ ಎದುರಿಗೆ ಕೂರಿಸಿಕೊಂಡರು. ಅರದಿಂದ ಉಜ್ಜುವುದು, "ಹಿಡೀರಿ" ಅನ್ನುವುದು, "ಎಲ್ ಒತ್ತದೆ?" ಎಂದು ಕೇಳುವುದು, ಮತ್ತೆ ಉಜ್ಜುವುದು. ಹೀಗೆ ಮೂರು ಸಲ ಚನ್ನಪಟ್ಟಣಕ್ಕೆ ಹೋಗಿಬಂದೆ. ಮೂರನೆಯ ಸಲ ಎಲ್ಲೂ ಒತ್ತಲಿಲ್ಲ.

ಮೊನ್ನೆ ಭಾನುವಾರ ಬೆಂಗಳೂರಿನ ಕ್ಲಬ್ಬಿಗೆ ಹೋದೆ. ಮನೆ ತುಂಬ ಹುಳ, ಹೇಗೆ ಬಿಟ್ಟು ಹೋಗಲಿ ಎಂದಿದ್ದಕ್ಕೆ ನಿನ್ನ ಬಾವ, "ಸೊಪ್ಪು ನಾನ್ ಹಾಕ್ಕತೀನಿ, ನೀ ಹೋಗ್ಬುಟ್ ಬಾ" ಎಂದು ಬೈಕಿನಲ್ಲಿ ರಾಮನಗರ ಸ್ಟೇಷನ್ನಿಗೆ ಬಿಟ್ಟರು. ದಯಾನಂದ್ ಸರ್ ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದರು. ಕಾಲೇಜಿನ ಎನ್‌ಸಿಸಿಯಲ್ಲಿ ನನಗೆ ಮೊದಲು ಪಿಸ್ತೂಲು ಹಿಡಿಯಲು ಕಲಿಸಿದ ಮನುಷ್ಯ ಈಗ ಪೂರ್ತಿ ಬೆಳ್ಳಗಾಗಿದ್ದಾರೆ, ಗದರಿಕೆ ಮಾತ್ರ ಕಪ್ಪಗೇ ಉಳಿದಿದೆ.

ನಾವು ಆಗ ಹೊಡೆಯುತ್ತಿದ್ದದ್ದು ಗಾಳಿ ಪಿಸ್ತೂಲು, ಒಂದೊಂದು ಗುಂಡಿಗೂ ತುಂಬಬೇಕಿತ್ತು. ಇವು ಹಾಗಲ್ಲ. ಐದು ಗುಂಡು ಒಟ್ಟಿಗೆ ತುಂಬಿದರೆ ಒಂದು ಹಾರಿದೊಡನೆ ಇನ್ನೊಂದು ತಾನೇ ಬಂದು ಕೂರುತ್ತದೆ. ಜರ್ಮನಿಯದಕ್ಕೆ ಮೂತಿ ಭಾರ. ನಿಧಾನವಾಗಿ ಗುರಿ ಹಿಡಿಯುವಾಗ ಅಲುಗಾಡದೆ ನಿಲ್ಲುತ್ತದೆ, ಆದರೆ ಹೊಡೆದ ಮೇಲೆ ಮೂತಿ ಎಗರುತ್ತದೆ. ಇಟಲಿಯದಕ್ಕೆ ನಳಿಗೆ ತೀರ ತಗ್ಗಿನಲ್ಲಿ, ಕೈಗೆ ಅಂಟಿಕೊಂಡ ಹಾಗೆ ಇದೆ. ಒದೆ ಮೇಲಕ್ಕೆ ಹೋಗದೆ ನೇರವಾಗಿ ತೋಳಿಗೆ ಬರುತ್ತದೆ.

ಸರ್ ಇಟಲಿಯದೇ ಸರಿ ಅನ್ನುತ್ತಾರೆ. ನಿನ್ನ ಸ್ಪರ್ಧೆಯ ಎರಡನೇ ಭಾಗದಲ್ಲಿ ಗುರಿಹಲಗೆ ಮೂರೇ ಸೆಕೆಂಡು ಮುಖ ತೋರಿಸುವುದು, ಅಷ್ಟರಲ್ಲಿ ಕೈ ಎತ್ತಿ ಹೊಡೆಯಬೇಕು, ಅದಕ್ಕೆ ಹಗುರವಾದದ್ದೇ ಬೇಕು ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ನಿನಗೆ ಗಾಬರಿಯಾದರೆ ಕೈ ನಡುಗುತ್ತದೆ, ಅದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ನಡುಗುವ ಕೈಗೆ ಭಾರವೇ ಒಳ್ಳೆಯದು. ನನ್ನ ಕೈಯಲ್ಲಂತೂ ಎರಡೂ ಹೆಚ್ಚುಕಡಿಮೆ ಒಂದೇ ಥರ ಹೊಡೆದವು. ಆದ್ದರಿಂದ ಶನಿವಾರದೊಳಗೆ ಫಾರ್ಮಿನಲ್ಲಿ ಜರ್ಮನಿಯದನ್ನು ಬರಿ. ಗಫಾರ್ ಸಾಬರ ಹಿಡಿ ಅದಕ್ಕೆ ಹೊಂದುವುದಿಲ್ಲ, ಅದು ಇಲ್ಲೇ ನನ್ನ ಬೀರುವಿನಲ್ಲಿ ಇರಲಿ.

ಚೆನ್ನಾಗಿ ಊಟ ಮಾಡು. ಅಲ್ಲಿನ ರೊಟ್ಟಿ ಸೇರದಿದ್ದರೆ ಅನ್ನ ಕೇಳಿ ಹಾಕಿಸಿಕೋ, ನಾಚಿಕೊಳ್ಳಬೇಡ. ಅಪ್ಪನ ಮಂಡಿನೋವು ಕಡಿಮೆಯಾಗಿದೆ. ತಾಯಿ ಕಬ್ಬಾಳಮ್ಮ ನಿನ್ನ ಕಣ್ಣನ್ನೂ ಕೈಯನ್ನೂ ಕಾಯಲಿ, ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ,
ಭಾನು

ತಾ.ಕ.: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಜರ್ಮನಿಯದನ್ನು ಬರೆಯಬೇಡ. ಇಟಲಿಯದನ್ನು ಬರಿ.

ಎರಡೂ ಒಂದೇ ಥರ ಹೊಡೆದವು ಎಂದದ್ದು ಸುಳ್ಳು. ಜರ್ಮನಿಯದರಲ್ಲಿ ಐದು ಗುಂಡಿಗೆ ನಲವತ್ನಾಲ್ಕು ಬಂತು. ಇಟಲಿಯದರಲ್ಲಿ ಹತ್ತು, ಹತ್ತು, ಒಂಬತ್ತು, ಹತ್ತು, ಹತ್ತು. ಸರ್ ದುರ್ಬೀನಿನಿಂದ ಕಣ್ಣು ತೆಗೆಯದೆ, "ಭಾನು, ನೀನು ಯಾಕಮ್ಮ ಬಿಟ್ಟೆ?" ಅಂದರು. ನನ್ನ ಕೈಗೇ ಕೆತ್ತಿದ ಹಿಡಿ, ಕೈಗೆ ಅಂಟಿ ಕೂತ ಪಿಸ್ತೂಲು, ಅದು ನಿನ್ನ ಹೆಸರಿಗೆ ಬರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ನೀನು ಸೋಲಲಿ ಎಂದೇ ಜರ್ಮನಿಯದು ಅಂದೆ. ನಿನ್ನ ಕೈ ಯಾವತ್ತೂ ನಡುಗಿಲ್ಲ. ಹಿಡಿಯನ್ನು ಸರ್ ಕೈಗೆ ಕೊಡುತ್ತಿದ್ದೇನೆ, ಒತ್ತಿದ ಕಡೆ ಉಜ್ಜಿಸಿಕೋ.

ಇನ್ನೊಂದು. ಹೋದ ತಿಂಗಳು ಪೇಪರಿನವರಿಗೆ, "ನಮ್ಮಕ್ಕ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು, ಗಂಡನ ಮನೆಯವರು ಬಿಡಿಸಿದರು" ಎಂದು ಹೇಳಿದೆಯಲ್ಲ. ನಿನ್ನ ಬಾವ ಅದನ್ನು ಓದಿ ಮಡಿಸಿಟ್ಟರು. ಶ್ವೇತಾ, ಯಾರೂ ಬಿಡಿಸಲಿಲ್ಲ. ಎರಡು ಸಾವಿರದ ಹದಿಮೂರರ ಜಿಲ್ಲಾ ಸ್ಪರ್ಧೆಯಲ್ಲಿ ನಿನಗೆ ಮುನ್ನೂರ ಎಪ್ಪತ್ತೊಂದು, ನನಗೆ ಮುನ್ನೂರ ಅರವತ್ತೊಂಬತ್ತು. ನಾನೇ ಕೈ ಹಿಡಿದು ಕಲಿಸಿದ ಹುಡುಗಿ ನನ್ನನ್ನು ಎರಡು ಅಂಕದಿಂದ ಸೋಲಿಸಿದಳು. ಇನ್ನೊಂದು ಸಲ ನಿನ್ನ ಪಕ್ಕದಲ್ಲಿ ನಿಂತು ಹೊಡೆಯುವ ಧೈರ್ಯ ನನಗಿರಲಿಲ್ಲ. ಅದೇ ತಿಂಗಳು ಮದುವೆ ಗೊತ್ತಾಯಿತು. ಕೇಳಿದವರಿಗೆಲ್ಲ, "ಅವ್ರ ಮನೇಲಿ ಬ್ಯಾಡ ಅಂದ್ರು" ಅಂದೆ. ಯಾರೂ ಮರುಪ್ರಶ್ನೆ ಮಾಡಲಿಲ್ಲ, ಎಲ್ಲರಿಗೂ ಅದು ಸಹಜವೇ ಆಗಿತ್ತು.

ಇವತ್ತು ಬೆಳಿಗ್ಗೆ ಸೊಪ್ಪು ಕತ್ತರಿಸುತ್ತಾ ಕೂತಿದ್ದ ನಿನ್ನ ಬಾವನಿಗೆ ಇದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುಡುಗೋಲು ಕೆಳಗಿಟ್ಟು, "ಹಂಗಾರೆ ನಾನು ಬ್ಯಾಡ ಅಂದಿರ್ನಿಲ್ವಾ, ಭಾನು?" ಎಂದು ಕೇಳಿದರು. ಹನ್ನೊಂದು ವರ್ಷ ಎಲ್ಲರ ಬಾಯಲ್ಲೂ ಕೇಳಿ ಕೇಳಿ, ತಾನೇ ಬೇಡ ಅಂದಿದ್ದೆ ಎಂದು ಅವರೂ ನಂಬಿಬಿಟ್ಟಿದ್ದರು ಕಣೆ.