ದ್ಯಾಮವ್ವನ ಮುಂದೆ ಹೇಳಿದ್ದು

ಜೂನ್ 10, ಮಂಗಳವಾರ

ಉಪವಾಸ. ಒಂಬತ್ತಕ್ಕೇ ದ್ಯಾಮವ್ವನ ಗುಡಿಗೆ ಹೋದೆ. ಪಂಚಾಯಿತಿ ಆಫೀಸು ತೆರೆಯುವ ಹೊತ್ತಿಗೆ ಅರ್ಧ ಊರು ಗುಡಿಕಟ್ಟೆಗೇ ಬಂದಿತ್ತು. ಮಂಗಳವಾರ ಅಧ್ಯಕ್ಷರು ಅಲ್ಲೇ ಸಿಗುತ್ತಾರೆ ಅಂತ ಎಲ್ಲರಿಗೂ ರೂಢಿ. ಒಬ್ಬರಿಗೆ ಮನೆಯ ಉತಾರದ ಕಾಗದ, ಒಬ್ಬರಿಗೆ ಜಾಬ್ ಕಾರ್ಡ್. ಕುಂಕುಮದ ಕೈಯಲ್ಲೇ ಸಹಿ.

ಪಿಡಿಓ ಸವಿತಾ ಮೇಡಂಗೆ ಇದು ಸೇರುವುದಿಲ್ಲ. ಇವತ್ತೂ ಫೋನ್ ಮಾಡಿದರು. "ಅಧ್ಯಕ್ಷರ, ನಿಮ್ಮ ಭಕ್ತಿಗೆ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸಹಿ ಆಫೀಸಿನ್ಯಾಗ ಮಾಡ್ರಿ." ನಕ್ಕು ಫೋನ್ ಇಟ್ಟೆ. ಪ್ರಮಾಣವಚನದಲ್ಲಿ 'ದೇವರ ಹೆಸರಿನಲ್ಲಿ' ಎನ್ನುವ ಕಡೆ 'ದ್ಯಾಮವ್ವನ ಹೆಸರಿನಲ್ಲಿ' ಅಂದವಳು ನಾನು. ಎಂಥ ಚಪ್ಪಾಳೆ ಆವತ್ತು! ಕುರ್ಚಿ ಕೊಟ್ಟವಳು ಅವಳು. ಅವಳೆದುರು ಕೂತು ಕೆಲಸ ಮಾಡಿದರೆ ತಪ್ಪೇನು?

ಮಂಗಳಾರತಿ ಹೊತ್ತಿಗೆ ವಾಟರ್‌ಮನ್ ಹುಚ್ಚಪ್ಪಣ್ಣ ರಿಜಿಸ್ಟರ್ ತಂದ. ಮಳೆಗಾಲಕ್ಕೆ ಮುಂಚೆ ನೀರಿನ ಟಾಕಿ ತೊಳೆದು, ಬ್ಲೀಚಿಂಗ್ ಪುಡಿ ಹಾಕಿದ್ದಕ್ಕೆ ಸಹಿ ಬೇಕು. 'ಖುದ್ದಾಗಿ ಪರಿಶೀಲಿಸಿದ್ದೇನೆ' ಅಂತ ಅಚ್ಚಾಗಿದೆ, ಅದರ ಕೆಳಗೆ.

"ಖರೇ ತೊಳದಿ ಹೌದಿಲ್ಲೋ ಹುಚ್ಚಪ್ಪಣ್ಣ?"

"ತಾಯಿ ಮುಂದ ನಿಂತೇನ್ರಿ. ಸುಳ್ಳ ಹೇಳ್ತೇನೇನ್ರಿ?"

ಗಂಟೆ ಬಾರಿಸತೊಡಗಿದ್ದರು. ಸಹಿ ಹಾಕಿ ಕೊಟ್ಟೆ.

ಸಂಜೆ ಹಿತ್ತಲ ಗೋಡೆಯ ಆಚೆಯಿಂದ ರಮಜಾನಬಿ ಕೂಗಿದಳು — "ಏ ಅಧ್ಯಕ್ಷೀ, ಉಪಾಸ ಬಿಟ್ಟಿ ಇಲ್ಲೋ? ಬಾಳೆಹಣ್ಣ ಅದಾವ, ತಗೋ." ಮೂವತ್ತು ವರ್ಷದಿಂದ ಊರಿನ ಹೆಂಗಸರ ರವಿಕೆ ಹೊಲಿದವಳು. ನನಗಿಂತ ನನ್ನ ಅಧ್ಯಕ್ಷಗಿರಿ ಅವಳಿಗೇ ಹೆಚ್ಚು ಖುಷಿ.

ಜೂನ್ 16, ಸೋಮವಾರ

ಮೂರು ದಿನದಿಂದ ಬಿಡದ ಮಳೆ. ಕೆಳಗಿನ ಓಣಿಯಲ್ಲಿ ನಾಲ್ಕು ಜನಕ್ಕೆ ವಾಂತಿ-ಭೇದಿ. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಹಂಚಿ ಬಂದಳು. ಮಳೆಗಾಲದಲ್ಲಿ ಇದ್ದದ್ದೇ ಅಂದರು ಎಲ್ಲರೂ. ನಾನೂ ಅಂದೆ.

ಜೂನ್ 17, ಮಂಗಳವಾರ, ಬೆಳಿಗ್ಗೆ 5

ಇಪ್ಪತ್ಮೂರು ಜನ. ಶಾಲೆಯ ಎರಡು ಕೋಣೆಯಲ್ಲಿ ಚಾಪೆ ಹಾಸಿದ್ದೇವೆ. ಸಲೈನ್ ಬಾಟಲಿ ಕಿಟಕಿ ಸರಳಿಗೆ ಕಟ್ಟಿ... ಸವಿತಾ ಮೇಡಂ ನಳದ ನೀರು ಬಂದ್ ಮಾಡಿಸಿದರು. ಬಂಕಾಪುರದಿಂದ ಟ್ಯಾಂಕರ್ ಬರಬೇಕು, ಇನ್ನೂ ಬಂದಿಲ್ಲ.

ರಮಜಾನಬಿಗೂ ಶುರುವಾಗಿದೆ. ಮಗಳು ದಿಲ್ಶಾದ ಪಕ್ಕದಲ್ಲಿದ್ದಾಳೆ. ನನ್ನ ಕೈ ಹಿಡಿದು ಮುದುಕಿ ಅಂದಳು, "ನಿಮ್ಮ ದ್ಯಾಮವ್ವಗ ನನ್ನ ಹೆಸರೂ ಹೇಳ ಇವತ್ತ. ನಿನ್ನ ಮಾತ ಕೇಳ್ತಾಳ ಆಕಿ."

ಹತ್ತು ನಿಮಿಷ ಗುಡಿಗೆ ಓಡಿಹೋಗಿ ಹೇಳಿ ಬಂದೆ.

ಜೂನ್ 18

ರಮಜಾನಬಿ ಹೋದಳು. ಹಾವೇರಿಗೆ ಒಯ್ಯುವಾಗ, ಬಂಕಾಪುರ ದಾಟುತ್ತಿದ್ದಂತೆ. ನಾನು ಆಂಬುಲೆನ್ಸ್‌ನಲ್ಲೇ ಇದ್ದೆ.

ಇನ್ನೇನೂ ಬರೆಯಲಾರೆ.

ಜೂನ್ 19, ಗುರುವಾರ

ಮಳೆ ನಿಂತಿತು. ಟಾಕಿ ಹತ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಬ್ಬಿಣದ ಏಣಿ ಹಿಡಿದು. ಸವಿತಾ ಮೇಡಂ ಕೆಳಗೆ ನಿಂತು, ಬ್ಯಾಡ್ರಿ, ಇಳೀರಿ ಅನ್ನುತ್ತಲೇ ಇದ್ದರು.

ಮುಚ್ಚಳ ಒಡೆದು ಅರ್ಧ ಒಳಗೆ ಬಿದ್ದಿದೆ. ಸುತ್ತ ಪಾರಿವಾಳದ ಹಿಕ್ಕೆ, ಮಳೆನೀರಲ್ಲಿ ಕರಗಿ ಒಳಗೇ ಇಳಿದಿದೆ. ತಳದಲ್ಲಿ ಮೊಳದಷ್ಟು ಕೆಸರು. ಒಂದು ವರ್ಷದಿಂದ ಯಾರೂ ಇಳಿದ ಗುರುತಿಲ್ಲ. ವಾಸನೆ ಈಗಲೂ ಮೂಗಿನಲ್ಲಿದೆ.

ಹುಚ್ಚಪ್ಪಣ್ಣ ಪಂಪ್‌ಹೌಸಿನ ಹಿಂದೆ ಕೂತಿದ್ದ. ಕೇಳಿದರೆ ಮುಖ ಎತ್ತಲಿಲ್ಲ.

"ಮೊಣಕಾಲ ಏರಂಗಿಲ್ಲವ್ವ. ಹೋದ ವರ್ಸದಿಂದ. ಹೇಳಿದ್ರ ಕೆಲಸದಿಂದ ತಗೀತಿದ್ರಿ."

"ದ್ಯಾಮವ್ವನ ಮುಂದ ನಿಂತು ಸುಳ್ಳ ಹೇಳಿದೆಲ್ಲೋ..."

"ನೀವು ಬಂದು ನೋಡ್ತೀರಿ ಅಂತ ತಿಳದಿದ್ನಿ. ನೋಡಿದ್ರ ನಾನೂ ಈ ಸುಳ್ಳಿಂದ ಪಾರಾಗತಿದ್ನಿ."

ಅವನು ಸುಳ್ಳು ಹೇಳಿದ, ನಾನು ನಂಬಿದೆ. ಇಬ್ಬರ ನಡುವೆ ಅವಳು ಕೂತಿದ್ದಳು, ಕಣ್ಣು ತೆರೆದುಕೊಂಡು. ಅವಳೂ ಸುಮ್ಮನಿದ್ದಳು.

ಜೂನ್ 20, ಶುಕ್ರವಾರ

ಮಧ್ಯಾಹ್ನ ಗುಡಿಯಲ್ಲಿ ಯಾರೂ ಇರುವುದಿಲ್ಲ ಅಂತ ಆಗ ಹೋದೆ. ದೇವಿಯ ಮುಂದೆ ಬಿದ್ದುಬಿಟ್ಟೆ. ಕೂಗಿದೆ. "ಅವ್ವಾ, ನೋಡದ ಸಹಿ ಮಾಡೇನಿ. ನಿನ್ನ ಮುಂದ ಕುಂತು ಮಾಡೇನಿ. ರಮಜಾನಬಿನ್ನ ನಾನ ಕೊಂದೇನಿ. ನನಗ ಏನ್ ಮಾಡ್ತಿ ಮಾಡು."

ಎಷ್ಟು ಹೊತ್ತೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ಹಗುರ ಅನಿಸಿತು. ಹಗುರ ಅನಿಸಿದ್ದಕ್ಕೆ ನಾಚಿಕೆಯಾಯಿತು.

ಜೂನ್ 21

ಯಾರೋ ವಿಡಿಯೋ ಮಾಡಿದ್ದಾರೆ. ಗುಡಿಯ ಕಿಟಕಿಯಿಂದ. ನಲವತ್ತು ಸೆಕೆಂಡು. ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯವರ ಫೋನಿಗೆ ಬಂತು, ಎಂಟಕ್ಕೆ ಶಿಗ್ಗಾಂವಿ ದಾಟಿ ಸವಣೂರಿನ ನನ್ನ ತವರಿಗೂ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಇವರದು ಒಂದೇ ಮಾತು: "ಬಾಯಿ ಯಾಕ ಬಿಟ್ಟಿ?"

ಹತ್ತಕ್ಕೆ ಉಪಾಧ್ಯಕ್ಷ ಮಹಾಂತೇಶ ಬಂದರು. ಮುಖದಲ್ಲಿ ಗಾಬರಿ ಇಲ್ಲ, ಎಲ್ಲ ಯೋಚನೆ ಮಾಡಿಕೊಂಡೇ ಬಂದಿದ್ದರು.

"ತನುಜಾ ಅವ್ರ, ಹೆದರಬ್ಯಾಡ್ರಿ. ದೇವರ ಮುಂದ ಎಲ್ಲಾರೂ ತಪ್ಪು ನಂದು ಅಂತಾರ. ಅದು ಭಕ್ತಿ, ಸಾಕ್ಷಿ ಅಲ್ಲ. ಎನ್‌ಕ್ವಾಯರಿ ಮಾಡಾಕ ಬರ್ತಾರ, ಆಗ ಹಂಗ ಹೇಳ್ರಿ. ಸಹಿ ನೀವು ನಂಬಿ ಮಾಡೀರಿ, ಮೋಸ ಮಾಡಿದಾಂವ ಹುಚ್ಚಪ್ಪ. ಮುಗೀತು."

"ನೋಡೇನಿ ಅಂತ ಬರದದ್ದರ ಕೆಳಗ ಸಹಿ ಐತ್ರೀ."

"ಯಾರು ಓದ್ತಾರ? ಜಾಸ್ತಿ ಕೆದಕಿದ್ರ, ನಮ್ಮ ದೇವಿಗೆ ಬೇಡಿಕೊಂಡದ್ದನ್ನ ಕೇಸ್ ಮಾಡಾಕತ್ತಾರ ಅಂತ ಊರ ಏಳತೈತಿ. ಇಷ್ಟಕ್ಕೂ ಸತ್ತಾಕಿ ಯಾರು? ಅವರ ಮಂದಿ. ಊರು ನಿಮ್ಮ ಕಡೆ ಐತಿ."

ಚಹಾ ಕುಡಿದು ಹೋದರು. ಗೋಡೆಯ ಆಚೆ ದಿಲ್ಶಾದ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತಿತ್ತು. ಅವಳಿಗೆ ಕೇಳಿಸಿತೇ?

ಜೂನ್ 24, ಮಂಗಳವಾರ

ಗುಡಿಗೆ ಹೋಗಬಾರದು ಅಂದುಕೊಂಡಿದ್ದೆ. ಇವರೇ ಎಬ್ಬಿಸಿ ಕಳಿಸಿದರು. "ಇವತ್ತ ಹೋಗಲಿಲ್ಲಂದ್ರ ತಪ್ಪ ಒಪ್ಪಿಕೊಂಡಂಗ."

ಎಂದಿಗಿಂತ ಮೂರು ಪಟ್ಟು ಜನ. ಹೂವಿನ ಹಾರ. ಹೆಂಗಸರು ಕಾಲಿಗೆ ಬಿದ್ದರು — ನನ್ನ ಕಾಲಿಗೆ! ಊರಿನ ತಪ್ಪನ್ನು ತಲೆ ಮೇಲೆ ಹೊತ್ತ ತಾಯಿ ನಾನಂತೆ. ಯಾರೋ ಘೋಷಣೆ ಕೂಗಿದರು, ದ್ಯಾಮವ್ವನ ಹೆಸರೂ ನನ್ನ ಹೆಸರೂ ಒಟ್ಟಿಗೆ. ಮಹಾಂತೇಶ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಕಾಲು ಎಳೆದುಕೊಳ್ಳಲು ಹೋದೆ, ಆಗಲಿಲ್ಲ. ದೇವಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ದಿಲ್ಶಾದ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ.

"ತನುಜಕ್ಕಾ, ಒಂದ ಕೇಳ್ತೇನಿ. ವಿಡಿಯೋದಾಗ ನೀ ಅಂದದ್ದು ಖರೇನೋ? ಇಲ್ಲಾ ಮಂದಿ ಅಂದಂಗ ಭಕ್ತಿನೋ?"

ಹೊಸ್ತಿಲ ತನಕ ಹೋಗಿ ನಿಂತೆ.

"ಖರೇ," ಅಂದೆ.

ಅವಳು ಅಳಲಿಲ್ಲ. "ಅವ್ವ ಸತ್ತು ಆರು ದಿನ ಆತು. ಒಂದ ಗ್ವಾಡಿ ಆಚಿ ಅದೇನಿ ನಾ. ಮಣ್ಣಿಗೆ ಬಂದಿ, ಅತ್ತಿ, ನನ್ನ ತೆಲಿ ಮ್ಯಾಲ ಕೈ ಇಟ್ಟಿ. ಆದ್ರ ಇದನ್ನ ಮಾತ್ರ ಹೋಗಿ ನಿಮ್ಮ ದೇವಿಗೆ ಹೇಳಿದಿ. ನನಗ ಹೇಳಲಿಲ್ಲ."

"ನಿನಗ ಹೆಂಗ ಹೇಳಲಿ ದಿಲ್ಶಾದ..."

"ಆಕಿಗೆ ಹೆಂಗ ಹೇಳಿದಿ, ಹಂಗ."

ಹೊರಟುಹೋದಳು. ಉಪವಾಸ ಬಿಡಲು ಆಗಲಿಲ್ಲ.

ಜುಲೈ 3, ಗುರುವಾರ

ಎಂಟು ದಿನ ಏನೂ ಬರೆಯಲಿಲ್ಲ. ದಿನಾ ಇಬ್ಬಿಬ್ಬರು ಬಂದು ಏನು ಹೇಳಬೇಕು ಅಂತ ಕಲಿಸಿ ಹೋಗುತ್ತಿದ್ದರು. ತಲೆಯಾಡಿಸುತ್ತಿದ್ದೆ.

ಇವತ್ತು ವಿಚಾರಣೆ. ಪಂಚಾಯಿತಿ ಹಾಲಿನಲ್ಲಿ. ಮೇಲಿನಿಂದ ಬಂದ ಅಧಿಕಾರಿ ವಯಸ್ಸಾದವರು, ಮೆತ್ತಗಿನ ಮಾತು. ಹಿಂದಿನ ಸಾಲಿನಲ್ಲಿ ಇವರು, ಮಹಾಂತೇಶ. ಬಾಗಿಲ ಬಳಿ ಹುಚ್ಚಪ್ಪಣ್ಣ, ಕೈಕಟ್ಟಿಕೊಂಡು.

ರಿಜಿಸ್ಟರ್ ತೋರಿಸಿದರು. ಸಹಿ ನಿಮ್ಮದೇ? ನನ್ನದೇ. ವಿಡಿಯೋ ಹಾಕಿದರು. ಹಾಲಿನ ತುಂಬ ನನ್ನ ಕೂಗು. ಆಮೇಲೆ ಅವರೇ ದಾರಿ ಮಾಡಿಕೊಟ್ಟರು — "ದುಃಖದಲ್ಲಿ, ದೇವರ ಮುಂದೆ ಆಡಿದ ಮಾತು. ಹಾಗಂತ ಬರೆದುಕೊಳ್ಳಲೇ ತಾಯಿ?"

ಹೌದು ಅಂದರೆ ಸಾಕಿತ್ತು. ಒಂದೇ ಮಾತು. ಹಾಗಂದರೆ ನಾನು ಇಷ್ಟು ವರ್ಷ ಅವಳ ಮುಂದೆ ಆಡಿದ್ದೆಲ್ಲ ಸುಮ್ಮನೆ ಆಡಿದ್ದು ಅಂತಾಗುತ್ತಿತ್ತು. ಅಲ್ಲಿ ಸುಳ್ಳು ಹೇಳದ ಬಾಯಿ ನನ್ನದು ಅಂತಲೇ ಅಲ್ಲವೇ ಊರು ಓಟು ಹಾಕಿದ್ದು?

"ಬ್ಯಾಡ್ರಿ," ಅಂದೆ. "ದುಃಖಕ್ಕ ಆಡಿದ್ದಲ್ಲರಿ. ಆಗಿದ್ದನ್ನ ಹೇಳೇನಿ. ನಾ ಟಾಕಿ ನೋಡಲಿಲ್ಲ. ಪೂಜಿ ಹೊತ್ತಾತು ಅಂತ ನೋಡಲಿಲ್ಲ. ನೋಡೇನಿ ಅಂತ ಸಹಿ ಮಾಡೇನಿ. ಹುಚ್ಚಪ್ಪಣ್ಣಗ ಟಾಕಿ ಏರಾಕ ಆಗೂದಿಲ್ಲ, ಅದನ್ನೂ ನಾ ಒಂದ ದಿನ ಕೇಳಲಿಲ್ಲ."

ಕುರ್ಚಿ ಸರಿದ ಸದ್ದು. ಇವರು ಎದ್ದು ಹೊರಗೆ ಹೋದರು.

ಸವಿತಾ ಮೇಡಂ ಬರೆದದ್ದನ್ನು ಓದಿ ಹೇಳಿದರು. ಸಹಿ ಹಾಕುವ ಮುಂಚೆ ನಾನೂ ಒಂದು ಸಲ ಪೂರ್ತಿ ಓದಿದೆ.

ಮೆಟ್ಟಿಲಲ್ಲಿ ಮಹಾಂತೇಶ — "ನಿಮ್ಮ ಕಾಲಿಗೆ ನೀವ ಕೊಡಲಿ ಹಾಕ್ಕೊಂಡ್ರಿ. ದೇವಿ ಮಾನಾನೂ ಕಳದ್ರಿ."

ಜುಲೈ 8, ಮಂಗಳವಾರ

ಹುಚ್ಚಪ್ಪಣ್ಣನನ್ನು ಕೆಲಸದಿಂದ ತೆಗೆದರು. ನಾನು ಹೇಳಿದ್ದರಿಂದ ಅವನಿಗೆ ಏನೂ ಉಪಯೋಗವಾಗಲಿಲ್ಲ. ನನಗೆ ನೋಟಿಸು ಬಂದಿದೆ, ಹದಿನೈದು ದಿನದಲ್ಲಿ ಉತ್ತರ ಕೊಡಬೇಕಂತೆ. ಕೊಡುವುದೇನಿದೆ? ರಾಜೀನಾಮೆ ಬರೆದು ಸವಿತಾ ಮೇಡಂ ಕೈಗೆ ಕೊಟ್ಟು ಬಂದೆ.

ಅವನ ಹೆಂಡತಿ ಕರೆವ್ವ ಓಣಿಯಲ್ಲಿ ನಿಂತು ಕೂಗಾಡಿದಳು. "ಆಕಿಗೇನು, ದೇವರ ಮುಂದ ಅತ್ತು ದೊಡ್ಡಾಕಿ ಆದ್ಲು! ನಾವೆಲ್ಲಿ ಹೋಗಿ ಅಳೋಣು?" ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ. ಒಂದು ಮಾತೂ ತಪ್ಪಿರಲಿಲ್ಲ.

ಗುಡಿ ಕಮಿಟಿಯವರೂ ಹೇಳಿ ಕಳಿಸಿದ್ದಾರೆ. ಕೊಲೆ ಮಾಡೇನಿ ಅಂತ ಸರ್ಕಾರದ ಕಾಗದದಲ್ಲಿ ಒಪ್ಪಿಕೊಂಡವಳು ಸದ್ಯಕ್ಕೆ ಗರ್ಭಗುಡಿ ಹತ್ತಿರ ಬರಬಾರದಂತೆ. ಹದಿನಾಲ್ಕು ದಿನದ ಹಿಂದೆ ಇದೇ ಮಾತಿಗೆ ಕಾಲಿಗೆ ಬಿದ್ದಿದ್ದರು.

ಸ್ನಾನ ಮಾಡಿ, ಉಪವಾಸವಿದ್ದು, ಎಲ್ಲಿ ಹೋಗಬೇಕು ಗೊತ್ತಾಗದೆ ನಡುಮನೆಯಲ್ಲಿ ಕೂತಿದ್ದೆ. ದೇವರ ಗೂಡಿನ ದೀಪ ಹಚ್ಚಿದೆ. ಏನು ಬೇಡಲಿ? ಕ್ಷಮಿಸಿದೆ ಅನ್ನಲು ದ್ಯಾಮವ್ವನಿಗೇನು ಹಕ್ಕು? ಸತ್ತವಳು ಅವಳಲ್ಲ.

ಇದನ್ನು ಬರೆದು ಎರಡು ಸಲ ಓದಿದೆ. ಹೊಡೆದು ಹಾಕಲಿಲ್ಲ.

ಜುಲೈ 25

ದಿಲ್ಶಾದ ಬಂದಿದ್ದಳು. ಒಂದು ತಿಂಗಳ ಮೇಲೆ. ಇವತ್ತೂ ಹೊಸ್ತಿಲಾಚೆಯೇ.

"ಸೋಮವಾರ ಅವ್ವನ ನಲವತ್ತನೇ ದಿನ, ಕುರಾನ್ ಓದಸ್ತೇವಿ. ಹಾನಗಲ್ಲಿಂದ ಮಾಮಾ ಬರ್ತಾರ, ಸವಣೂರಿಂದ ಬೀಗರು. ಓಣಿ ಮಂದಿನೂ ಇರ್ತಾರ. ನೀ ಬಾ."

"ನಾ ಬಂದ್ರ ಅವರು ಸುಮ್ಮನ ಇರ್ತಾರೇನು?"

"ಇರಂಗಿಲ್ಲ. ಬೈತಾರ. ಬೈಸಿಕೋ." ತಿರುಗಿ ಹೊರಟವಳು ನಿಂತು, "ದೇವಿಗೆ ಹೇಳಿದಿ, ಸಾಹೇಬರಿಗೆ ಹೇಳಿದಿ. ಆಕಿ ಮಂದಿಗೂ ಹೇಳು. ನಾ ಮಾಫ್ ಮಾಡ್ತೇನಿ ಅಂತ ತಿಳಕೊಂಡ ಬರಬ್ಯಾಡ. ಹೇಳಾಕ ಬಾ."

ಬರ್ತೇನಿ ಅಂದೆ.

ಜುಲೈ 28, ಸೋಮವಾರ, ಬೆಳಿಗ್ಗೆ 10.30

ಇವರು ಒಂದು ವಾರದಿಂದ ಮಾತು ಬಿಟ್ಟಿದ್ದವರು ಬೆಳಿಗ್ಗೆ ಆಡಿದರು. "ಅವರ ಮನಿಗೆ ಹೋಗಿ ಕೈ ಮುಗದು ನಿಂತ್ರ, ಮತ್ತ ಈ ಊರಾಗ ನಮ್ಮನ್ನ ಯಾರೂ ಕರಿಯಂಗಿಲ್ಲ. ವಿಚಾರ ಮಾಡು." ಮಾಡಿದ್ದೇನೆ ಅಂದೆ. ತಲೆ ತಗ್ಗಿಸಿ ಜಗಲಿಯಲ್ಲಿ ಕೂತಿದ್ದಾರೆ. ತಡೆಯುತ್ತಾರೋ, ಜೊತೆಗೆ ಬರುತ್ತಾರೋ ತಿಳಿಯದು.

ಗೋಡೆಯಾಚೆ ಜನ ಸೇರಿದ್ದಾರೆ. ಓದುವ ದನಿ ಕೇಳುತ್ತಿದೆ. ದ್ಯಾಮವ್ವನ ಮುಂದೆ ಮಾತು ತಾನಾಗಿ ಬಂದಿತ್ತು, ಯಾರೂ ಕೇಳುತ್ತಿಲ್ಲ ಅಂತ ತಿಳಿದಿದ್ದೆ. ಇಲ್ಲಿ ಮೂವತ್ತು ಮುಖ ಇರುತ್ತವೆ, ತಿರುಗಿ ಮಾತಾಡುವ ಮುಖಗಳು. ಹೇಳುವುದನ್ನು ಬರೆದುಕೊಂಡೇ ಹೋಗೋಣ ಅಂತ ಕೂತೆ. ಎರಡು ಸಲ ಬರೆದೆ. ಎರಡೂ ಸಲ ಅದು ಹುಚ್ಚಪ್ಪಣ್ಣನ ಮೊಣಕಾಲಿನಿಂದಲೋ ಮಳೆಯಿಂದಲೋ ಶುರುವಾಯಿತು. ಹೊಡೆದು ಹಾಕಿದೆ.

ಓದು ನಿಂತಿತು. ದಿಲ್ಶಾದ ಕರೆಯುತ್ತಿದ್ದಾಳೆ — "ಅಕ್ಕಾ, ಮಂದಿ ಕುಂತಾರ."

ನನ್ನಿಂದಲೇ ಶುರುಮಾಡಬೇಕು.

ನಾನು